‘ಹಾಗಾದ್ರೆ ಅಜ್ಜಿ ಎಲ್ಲಿದ್ದಾರೆ?’

ಪ್ರಶ್ನೆ: ನಾನು ಹಿಂದೂ ಮನೆಯಲ್ಲಿ ಹುಟ್ಟಿ, ಪ್ರೊಟೆಸ್ಟಂಟ್ ಕ್ರೈಸ್ತರ ಮನೆಗೆ ಸೊಸೆಯಾಗಿ ಬಂದು, ದೀಕ್ಷಾಸ್ನಾನ ಪಡೆದವಳು. ನಮ್ಮ ಅಮ್ಮ ಮಾತ್ರ ಕೊನೇವರೆಗೂ ತಮ್ಮ ದೇವರನ್ನೇ ನಂಬಿಕೊಂಡಿದ್ದು, ಎರಡು ವರ್ಷದ ಹಿಂದೆ ತೀರಿಕೊಂಡರು. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಅಪ್ಪನ ಜೊತೆ ವಾದಕ್ಕಿಳಿದ. ‘ಗುಲಾಮನನ್ನ ಹೊಡೀಬಹುದು ಅಂತ ಬೈಬಲಿನಲ್ಲೇ ಇದೆ. ಎಪ್ಪತ್ತು ವರ್ಷದ ಬಾಳಿನ ತಪ್ಪಿಗೆ ಕೊನೆಯೇ ಇಲ್ಲದ ಬೆಂಕಿ ಅಂತಲೂ ಇದೆ. ಇದರಿಂದ ನಾವು ಒಳ್ಳೇದು ಕೆಟ್ಟದ್ದು ಕಲೀಬೇಕಾ?’ ಅಂದ. ಇವರು, ‘ಆ ಕಾಲದ ಗುಲಾಮಗಿರಿ ಅಂದ್ರೆ ನಮ್ಮ ಕಡೆ ಜೀತ ಇದ್ದ ಹಾಗೆ, ಅಷ್ಟೇ. ನರಕಕ್ಕೆ ಹೋಗೋರು ತಾವಾಗೇ ಆರಿಸಿಕೊಂಡು ಹೋಗ್ತಾರೆ’ ಅಂದರು. ಮಗ ‘ಹಾಗಾದ್ರೆ ಅಜ್ಜಿ ಎಲ್ಲಿದ್ದಾರೆ?’ ಅಂತ ಕೇಳಿ ತಟ್ಟೆ ಬಿಟ್ಟು ಎದ್ದು ಹೋದ. ಯಾರು ಸರಿ? ಸುಮ್ನೆ ಸಮಾಧಾನ ಮಾಡಬೇಡಿ, ಇದ್ದದ್ದನ್ನು ಹೇಳಿ.

ಉತ್ತರ: ನಿಮ್ಮ ಮಗ ಓದಿದ್ದು ಸುಳ್ಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗಳಲ್ಲಿ ಈ ಮಾತು ಜಗಳವಾಗುವುದು ಇಲ್ಲೇ. ದೊಡ್ಡವರು ‘ಹಾಗೆಲ್ಲ ಇಲ್ಲಪ್ಪ’ ಅನ್ನುತ್ತಾರೆ. ಹುಡುಗರು ಮೊಬೈಲ್ ತೆಗೆದು ಅಧ್ಯಾಯ, ವಾಕ್ಯ ಎರಡನ್ನೂ ತೋರಿಸುತ್ತಾರೆ. ಅಲ್ಲಿಗೆ ದೊಡ್ಡವರು ಹೇಳುವ ಉಳಿದ ಮಾತಿಗೂ ಬೆಲೆ ಹೋಗುತ್ತದೆ.

ಬೈಬಲಿನ ವಿಮೋಚನಕಾಂಡ 21 ತೆಗೆಯಿರಿ. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಜನ ಆಗಷ್ಟೇ ತಪ್ಪಿಸಿಕೊಂಡು ಬಂದಿದ್ದಾರೆ. ಹಿಂದಿನ ಅಧ್ಯಾಯದಲ್ಲಿ ಹತ್ತು ಆಜ್ಞೆ ಕೇಳಿದ್ದಾರೆ. ಇಲ್ಲಿಂದ ವಿವರವಾದ ಕಾನೂನು ಶುರುವಾಗುತ್ತದೆ. ಅದರಲ್ಲಿ ಮೊದಲ ಕಾನೂನೇ ಗುಲಾಮರದ್ದು! ಇಬ್ರಿಯ, ಅಂದರೆ ತಮ್ಮದೇ ಜನಾಂಗದ, ಗುಲಾಮನನ್ನು ಕೊಂಡರೆ ಆರು ವರ್ಷ ದುಡಿಸು, ಏಳನೇ ವರ್ಷ ಬಿಟ್ಟುಬಿಡು. ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಮುಂದೆ ಓದಿ. ಯಜಮಾನನೇ ಅವನಿಗೆ ಹೆಣ್ಣು ಕೊಟ್ಟು, ಮಕ್ಕಳೂ ಆಗಿದ್ದರೆ, ಹೆಂಡತಿ ಮಕ್ಕಳು ಯಜಮಾನನ ಪಾಲು. ಇವನು ಒಬ್ಬನೇ ಹೊರಡಬೇಕು. ‘ಅವರನ್ನು ಬಿಟ್ಟು ಹೋಗಲಾರೆ’ ಅಂದರೆ, ಬಾಗಿಲ ಚೌಕಟ್ಟಿನ ಹತ್ತಿರ ನಿಲ್ಲಿಸಿ ಕಿವಿಯನ್ನು ದಬ್ಬಳದಿಂದ ಚುಚ್ಚಬೇಕು. ಆಮೇಲೆ ಸಾಯುವವರೆಗೆ ಅವನು ಆ ಮನೆಯ ಆಳು. ಹೆಂಡತಿ ಮಕ್ಕಳ ಮೇಲಿನ ಪ್ರೀತಿಯನ್ನೇ ಗೂಟ ಮಾಡಿಕೊಂಡು ಮನುಷ್ಯನನ್ನು ಕಟ್ಟಿಹಾಕುವ ಕಾನೂನು ಇದು.

ನಿಮ್ಮ ಮಗ ಹೇಳಿದ್ದು ಅದೇ ಅಧ್ಯಾಯದ 20, 21ನೇ ವಾಕ್ಯ. ಯಜಮಾನ ಕೋಲಿನಿಂದ ಹೊಡೆದು ಆಳು ಅಲ್ಲೇ ಸತ್ತರೆ ಯಜಮಾನನಿಗೆ ಶಿಕ್ಷೆ ಇದೆ. ಒಂದೆರಡು ದಿನ ಬದುಕಿದರೆ ಇಲ್ಲ. ಯಾಕೆ? ‘ಅವನು ಯಜಮಾನನ ಸೊತ್ತು.’ ಮೂಲ ಇಬ್ರಿಯದಲ್ಲಿ ಇನ್ನೂ ಒರಟಾಗಿದೆ: ಅವನು ಇವನ ಬೆಳ್ಳಿ, ಅಂದರೆ ಇವನ ದುಡ್ಡು.

ನಿಮ್ಮವರ ಜೀತದ ಮಾತಿಗೆ ಬರೋಣ. ಸಾಲ ತೀರಿಸಲಾಗದೆ ದುಡಿಮೆಗೆ ಬಿದ್ದ ಇಬ್ರಿಯನ ಮಟ್ಟಿಗೆ ಹೋಲಿಕೆ ಸ್ವಲ್ಪ ಸರಿ. ಆದರೆ ಅದಕ್ಕೆ ಅವರು ಸೇರಿಸಿದ ‘ಅಷ್ಟೇ’ ನನಗೆ ಹಿಡಿಸಲಿಲ್ಲ. ಜೀತ ಅಷ್ಟು ಹಗುರದ್ದಾಗಿದ್ದರೆ 1976ರಲ್ಲಿ ಅದನ್ನು ನಿಲ್ಲಿಸಲು ಕಾನೂನು ಯಾಕೆ ಬೇಕಿತ್ತು? ಇನ್ನು ಪರದೇಶದವರ ವಿಷಯಕ್ಕೆ ಜೀತದ ಹೋಲಿಕೆಯೂ ನಿಲ್ಲುವುದಿಲ್ಲ. ಯಾಜಕಕಾಂಡ 25:44ರಿಂದ 46ರವರೆಗೆ ನೋಡಿ. ಸುತ್ತಲಿನ ಜನಾಂಗದವರನ್ನು ಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಬಹುದು, ಶಾಶ್ವತವಾಗಿ ಇಟ್ಟುಕೊಳ್ಳಬಹುದು. ಏಳನೇ ವರ್ಷದ ಬಿಡುಗಡೆ ಅವರಿಗಿಲ್ಲ.

‘ಆದರೂ ಅಕ್ಕಪಕ್ಕದ ರಾಜ್ಯಗಳಿಗಿಂತ ಬೈಬಲ್ ವಾಸಿ’ ಎಂಬ ವಾದ ಇದೆ. ಅರ್ಧ ನಿಜ. ಬಾಬಿಲೋನಿನ ಹಮ್ಮುರಬಿ, ಅಂದರೆ ಕ್ರಿಸ್ತಪೂರ್ವ 18ನೇ ಶತಮಾನದ ದೊರೆ, ಓಡಿಬಂದ ಗುಲಾಮನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಮರಣದಂಡನೆ ವಿಧಿಸಿದ. ಧರ್ಮೋಪದೇಶಕಾಂಡ 23:15 ಇದಕ್ಕೆ ಪೂರ್ತಿ ಉಲ್ಟಾ: ಓಡಿಬಂದವನನ್ನು ಯಜಮಾನನಿಗೆ ಒಪ್ಪಿಸಬೇಡ, ಅವನಿಗೆ ಇಷ್ಟವಾದ ಊರಲ್ಲಿ ಇರಲಿ. ಇದು ದೊಡ್ಡ ಮಾತು. ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ಎಂಬುದೂ ವಿಮೋಚನಕಾಂಡ 21ರಲ್ಲೇ ಇದೆ. ಯಜಮಾನನ ಪೆಟ್ಟಿಗೆ ಆಳಿನ ಕಣ್ಣು ಹೋದರೆ, ಹಲ್ಲು ಬಿದ್ದರೆ ಅವನಿಗೆ ಬಿಡುಗಡೆ. ಆದರೆ ಸಾಲಕ್ಕೆ ಒತ್ತೆಯಾದವರನ್ನು ಹಮ್ಮುರಬಿ ಮೂರೇ ವರ್ಷಕ್ಕೆ ಬಿಡಿಸುತ್ತಿದ್ದ, ಬೈಬಲಿನ ಮೋಶೆಯ ಕಾನೂನು ಆರು ವರ್ಷ ದುಡಿಸುತ್ತದೆ. ನಮಗೆ ಬೇಕಾದ ಕಾನೂನನ್ನು ಮಾತ್ರ ಹೆಕ್ಕಿ ಹೋಲಿಸಿದರೆ ಯಾರನ್ನು ಬೇಕಾದರೂ ಗೆಲ್ಲಿಸಬಹುದು.

ಹೊಸ ಒಡಂಬಡಿಕೆಗೆ, ಅಂದರೆ ಬೈಬಲಿನಲ್ಲಿ ಯೇಸುವಿನಿಂದ ಮುಂದಿನ ಭಾಗಕ್ಕೆ, ಬಂದರೆ ಕನ್ನಡಿಗರಿಗೆ ಒಂದು ಬೇರೆ ತೊಡಕಿದೆ. ‘ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ’ ಎಂಬ ಎಫೆಸ 6:5ರ ಮಾತು ನಮ್ಮ ಕಿವಿಗೆ ಅಷ್ಟು ಚುಚ್ಚುವುದಿಲ್ಲ. ದಾಸ ಅಂದ ಕೂಡಲೇ ನಮಗೆ ಪುರಂದರರು, ಕನಕರು, ತಂಬೂರಿ, ಕಾಲಿನ ಗೆಜ್ಜೆ. ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಬರೆದ ಗ್ರೀಕ್ ಪದ ‘ದೂಲೋಸ್’. ರೋಮ್ ಸಾಮ್ರಾಜ್ಯದ ಸಂತೆಯಲ್ಲಿ ನಿಲ್ಲಿಸಿ ಹಲ್ಲು ನೋಡಿ ಕೊಳ್ಳುತ್ತಿದ್ದ ಮನುಷ್ಯ ಅವನು. ‘ಯಜಮಾನ’ ಪದವೂ ಹಾಗೆಯೇ. ನಮ್ಮಲ್ಲಿ ಎಷ್ಟೋ ಹೆಂಗಸರು ಗಂಡನನ್ನೇ ‘ನಮ್ಮ ಯಜಮಾನ್ರು’ ಅನ್ನುತ್ತಾರೆ. ಎಫೆಸದ ಪತ್ರದಲ್ಲೂ ಹೆಂಡತಿ, ಮಕ್ಕಳು, ಗುಲಾಮರು ಒಂದೇ ಪಟ್ಟಿಯಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಮನೆ ಅಂದರೆ ಆ ಕಾಲಕ್ಕೆ ಇದು. ಪೇತ್ರನ ಮೊದಲ ಪತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳ್ಳೇ ಯಜಮಾನರಿಗೆ ಮಾತ್ರವಲ್ಲ, ವಕ್ರಬುದ್ಧಿಯವರಿಗೂ ತಗ್ಗಿ ನಡೆಯಿರಿ ಅನ್ನುತ್ತದೆ.

ಹಾಗಂತ ಪೌಲನದು ಅಷ್ಟೇ ಮುಖ ಅಲ್ಲ. ಫಿಲೆಮೋನನಿಗೆ ಬರೆದ ಪತ್ರವನ್ನು ಓದಿ. ಇಡೀ ಪತ್ರ 25 ವಾಕ್ಯ. ಫಿಲೆಮೋನನ ಗುಲಾಮ ಒನೇಸಿಮ, ಓಡಿಬಂದವನು ಅಂತ ಬಹಳ ಮಂದಿ ಓದುತ್ತಾರೆ, ಸೆರೆಯಲ್ಲಿದ್ದ ಪೌಲನ ಹತ್ತಿರ ಸೇರಿಕೊಂಡಿದ್ದಾನೆ. ಒನೇಸಿಮ ಅಂದರೆ ‘ಉಪಯೋಗಕ್ಕೆ ಬರುವವನು’. ಗುಲಾಮರಿಗೆ ಇಡುತ್ತಿದ್ದ ಹೆಸರು, ಎತ್ತಿಗೆ ಇಟ್ಟ ಹಾಗೆ. ಪೌಲ ಆ ಹೆಸರಿನ ಮೇಲೆಯೇ ಚೇಷ್ಟೆ ಮಾಡುತ್ತಾನೆ: ಮೊದಲು ನಿನಗೆ ಉಪಯೋಗವಿರಲಿಲ್ಲ, ಈಗ ನಿನಗೂ ನನಗೂ ಉಪಯೋಗದವನು. ಆಮೇಲೆ ಚೇಷ್ಟೆ ಬಿಟ್ಟು ಕೇಳುತ್ತಾನೆ: ಇವನನ್ನು ಇನ್ನು ಮೇಲೆ ಗುಲಾಮನಾಗಿ ಅಲ್ಲ, ಪ್ರಿಯ ತಮ್ಮನಾಗಿ ಸೇರಿಸಿಕೋ, ಅವನು ಏನಾದರೂ ಬಾಕಿ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ. ‘ಬಿಡುಗಡೆ ಮಾಡು’ ಎಂಬ ಎರಡು ಪದ ಮಾತ್ರ ಪತ್ರದಲ್ಲಿಲ್ಲ. ಆ ಎರಡು ಪದ ಇಲ್ಲದ್ದಕ್ಕೆ ಮುಂದಿನ ಹದಿನೆಂಟು ಶತಮಾನ ಎಷ್ಟು ಜನ ಬೆಲೆ ತೆತ್ತರು ಅಂತ ಯೋಚಿಸಿದರೆ ಪೌಲನ ಮೇಲೆ ಸಿಟ್ಟು ಬರುತ್ತದೆ. ನನಗಂತೂ ಬರುತ್ತದೆ.

ಬೆಲೆ ತೆತ್ತವರ ಕಥೆ ಕೇಳಿ. ಕೆರಿಬಿಯನ್ನಿನ ಬಾರ್ಬಡೋಸ್ ದ್ವೀಪದಲ್ಲಿ ಕಬ್ಬಿನ ತೋಟಗಳಿದ್ದವು. 1710ರಲ್ಲಿ ಅವು ಉಯಿಲಿನ ಮೂಲಕ ಇಂಗ್ಲೆಂಡಿನ ಚರ್ಚಿನದೇ ಒಂದು ಮಿಷನರಿ ಸಂಸ್ಥೆಯ ಕೈಗೆ ಬಂದವು. ಸುವಾರ್ತೆ ಸಾರುವುದೇ ಅದರ ಕೆಲಸ. ಅಲ್ಲಿನ ಗುಲಾಮರ ಎದೆಗೆ ‘ಸೊಸೈಟಿ’ ಎಂಬ ಪದದ ಬರೆ ಹಾಕಿದರು, ಕಾಸಿದ ಕಬ್ಬಿಣದಿಂದ. ಇನ್ನೊಂದು, 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಆಯ್ದ ಭಾಗಗಳ ಒಂದು ಬೈಬಲ್ ಅಚ್ಚಾಯಿತು. ಹಳೆ ಒಡಂಬಡಿಕೆಯ ಬಹುಪಾಲನ್ನು ಕತ್ತರಿಸಿ ಹಾಕಿದ್ದರು. ಮೋಶೆ ಜನರನ್ನು ಈಜಿಪ್ಟಿನಿಂದ ಬಿಡಿಸಿಕೊಂಡು ಬಂದ ಕಥೆ ಅದರಲ್ಲಿಲ್ಲ. ‘ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ’ ಎಂಬ ಗಲಾತ್ಯ 3:28 ಇಲ್ಲ. ಎಫೆಸ 6:5 ಇದೆ.

ಈ ಕತ್ತರಿ ಹಾಕಿದ ಬೈಬಲನ್ನು ನಿಮ್ಮ ಮಗನಿಗೂ ಹೇಳಿ, ನಿಮ್ಮವರಿಗೂ ಹೇಳಿ. ಮಗನ ಪರವಾಗಿ ಅದು ಹೇಳುವುದು: ಗುಲಾಮರನ್ನು ಹದ್ದುಬಸ್ತಿನಲ್ಲಿಡಲು ಬೇಕಾದ ವಾಕ್ಯ ಈ ಪುಸ್ತಕದಲ್ಲಿ ಸಿದ್ಧವಾಗಿತ್ತು. ಅಪ್ಪನ ಪರವಾಗಿ ಹೇಳುವುದು: ಪೂರ್ತಿ ಪುಸ್ತಕವನ್ನು ಗುಲಾಮರ ಕೈಗೆ ಕೊಡಲು ಯಜಮಾನರಿಗೇ ಧೈರ್ಯ ಇರಲಿಲ್ಲ.

ಅಮೆರಿಕದಲ್ಲಿ 1845ರಲ್ಲಿ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಇಬ್ಬರು ಪಂಡಿತರು ಇದೇ ವಾದವನ್ನು ಪತ್ರಗಳಲ್ಲಿ ಮಾಡಿ ಪುಸ್ತಕವಾಗಿ ಹೊರತಂದರು. ದಕ್ಷಿಣ ಕೆರೋಲಿನಾದ ರಿಚರ್ಡ್ ಫುಲ್ಲರ್ ಹೇಳಿದ್ದು: ದೇವರು ಹಳೆ ಒಡಂಬಡಿಕೆಯಲ್ಲಿ ಒಪ್ಪಿದ್ದನ್ನು, ಹೊಸ ಒಡಂಬಡಿಕೆಯಲ್ಲಿ ನಡೆಯಲು ಬಿಟ್ಟದ್ದನ್ನು ಪಾಪ ಅನ್ನಲು ನೀವು ಯಾರು? ಬ್ರೌನ್ ವಿಶ್ವವಿದ್ಯಾಲಯದ ಅಧ್ಯಕ್ಷ ಫ್ರಾನ್ಸಿಸ್ ವೇಲ್ಯಾಂಡ್ ಉತ್ತರ: ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ತತ್ವದ ಮುಂದೆ ಗುಲಾಮಗಿರಿ ನಿಲ್ಲಲಾರದು. ವಾಕ್ಯಕ್ಕೆ ವಾಕ್ಯ ಎಣಿಸಿದರೆ ಫುಲ್ಲರ್ ಕೈಯೇ ಮೇಲು. ಇದನ್ನು ಒಪ್ಪಿಕೊಳ್ಳಲು ಕಷ್ಟ, ಆದರೆ ಒಪ್ಪಬೇಕು. ಅದೇ ವರ್ಷ ದಕ್ಷಿಣದ ಬ್ಯಾಪ್ಟಿಸ್ಟರು ಈ ಜಗಳದಲ್ಲೇ ಒಡೆದು ಬೇರೆ ಕೂಟ ಕಟ್ಟಿಕೊಂಡರು. ಅದಕ್ಕೆ ಅವರು ಕ್ಷಮೆ ಕೇಳಿದ್ದು 1995ರಲ್ಲಿ, 150 ವರ್ಷ ಬಿಟ್ಟು.

ಪಂಡಿತರು ಹಾಗೆ ವಾದ ಮಾಡುತ್ತಿದ್ದ ಕಾಲದಲ್ಲಿ ಓದು ಬರಹ ಇಲ್ಲದವರು ಏನು ಮಾಡಿದರು? ಕಪ್ಪು ಜನರ ದೊಡ್ಡ ಧರ್ಮಚಿಂತಕ ಹೊವರ್ಡ್ ಥರ್ಮನ್ ತನ್ನ ಅಜ್ಜಿಯ ಕಥೆ ಹೇಳಿದ್ದಾನೆ. ಆಕೆ ಗುಲಾಮಳಾಗಿ ಹುಟ್ಟಿದವಳು, ಓದು ಬಾರದು. ಮೊಮ್ಮಗನ ಕೈಲಿ ಬೈಬಲ್ ಓದಿಸುತ್ತಿದ್ದಳು. ಕೀರ್ತನೆ ಓದು, ಯೆಶಾಯ ಓದು, ಸುವಾರ್ತೆ ಓದು. ಪೌಲ ಬೇಡ. ಅಪರೂಪಕ್ಕೆ, ಪ್ರೀತಿಯ ಬಗ್ಗೆ ಇರುವ 1 ಕೊರಿಂಥ 13 ಮಾತ್ರ ಸರಿ. ದೊಡ್ಡವನಾದ ಮೇಲೆ ಮೊಮ್ಮಗ ಕಾರಣ ಕೇಳಿದ. ಯಜಮಾನನ ಬಿಳಿ ಪಾದ್ರಿ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ‘ದಾಸರೇ, ವಿಧೇಯರಾಗಿರಿ’ ಎಂಬುದನ್ನೇ ಹಿಡಿದು ಬೋಧಿಸುತ್ತಿದ್ದನಂತೆ. ಓದು ಕಲಿತರೆ, ಬಿಡುಗಡೆ ಸಿಕ್ಕರೆ, ಆ ಭಾಗ ಮುಟ್ಟುವುದಿಲ್ಲ ಅಂತ ಆಕೆ ಆಗಲೇ ಹರಕೆ ಹೊತ್ತಿದ್ದಳು. ಬೈಬಲನ್ನೂ ಬಿಡಲಿಲ್ಲ, ಆ ವಾಕ್ಯಕ್ಕೆ ತಲೆಯನ್ನೂ ಬಾಗಿಸಲಿಲ್ಲ. ಇಡೀ ವಿವಾದದಲ್ಲಿ ನನಗೆ ತುಂಬಾ ಹತ್ತಿರವಾದ ವ್ಯಕ್ತಿ ಈ ಅಜ್ಜಿಯೇ. ಆಕೆ ಬಹಿರಂಗವಾಗಿ ಆರಿಸಿ ಓದಿದಳು. ಫುಲ್ಲರನೂ ಆರಿಸಿಯೇ ಓದಿದ್ದು, ಆದರೆ ಒಪ್ಪಿಕೊಳ್ಳಲಿಲ್ಲ.

ನಿಮ್ಮ ಮಗ ಗುಲಾಮಗಿರಿ, ನರಕ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ. ಬೇಕಂತಲೇ ಕೇಳಿದನೋ ಏನೋ ಗೊತ್ತಿಲ್ಲ, ಆದರೆ ಎರಡಕ್ಕೂ ನಂಟಿದೆ. ಈ ನಂಟಿನ ಬಗ್ಗೆ ಚರ್ಚುಗಳಲ್ಲಿ ಮಾತು ಕಡಿಮೆ. ಗಂಟು ಇರುವುದು ಲೂಕ 12:47ರಲ್ಲಿ: ಯಜಮಾನನ ಇಷ್ಟ ಗೊತ್ತಿದ್ದೂ ಅದರಂತೆ ನಡೆಯದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ. ಗೊತ್ತಿಲ್ಲದೆ ಮಾಡಿದವನಿಗೆ ಕಡಿಮೆ ಪೆಟ್ಟು.

ಈ ವಾಕ್ಯಕ್ಕೆ ಎರಡು ಬಾಳುವೆ. ಒಂದನ್ನು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ಬರೆದ. ಮೇರಿಲ್ಯಾಂಡಿನಲ್ಲಿ ಅವನ ಯಜಮಾನ ಥಾಮಸ್ ಆಲ್ಡ್ 1832ರಲ್ಲಿ ಮೆಥಡಿಸ್ಟರ ಕೂಟಕ್ಕೆ ಹೋಗಿ ಭಕ್ತನಾದ. ಇನ್ನಾದರೂ ಮೆತ್ತಗಾಗುತ್ತಾನೆ ಅಂತ ಡಗ್ಲಸ್ ಆಸೆಪಟ್ಟ. ಆಲ್ಡ್ ಮೊದಲಿಗಿಂತ ಜಾಸ್ತಿ ಕ್ರೂರಿಯಾದ. ಮನೆಯಲ್ಲಿ ಒಬ್ಬ ಅಂಗವಿಕಲ ಹುಡುಗಿ ಇದ್ದಳು, ಚಿಕ್ಕವಳಿದ್ದಾಗ ಬೆಂಕಿಗೆ ಬಿದ್ದು ಕೈ ಸುಟ್ಟುಕೊಂಡವಳು, ಕೆಲಸಕ್ಕೆ ಆಗುತ್ತಿರಲಿಲ್ಲ. ಅವಳನ್ನು ಬೆಳಿಗ್ಗೆ ಕಟ್ಟಿ, ಬೆತ್ತಲೆ ಭುಜದ ಮೇಲೆ ಹಸುವಿನ ಚರ್ಮದ ಚಾಟಿಯಿಂದ ರಕ್ತ ಸುರಿಯುವ ತನಕ ಹೊಡೆಯುತ್ತಿದ್ದ. ಹೊಡೆಯುತ್ತಾ ಹೇಳುತ್ತಿದ್ದ ವಾಕ್ಯ ಇದೇ ಲೂಕ 12:47. ಅವಳನ್ನು ಹಾಗೇ ಕಟ್ಟಿಟ್ಟು ಅಂಗಡಿಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬಂದವನು ಹಸಿಗಾಯದ ಮೇಲೆ ಮತ್ತೆ ಹೊಡೆಯುತ್ತಿದ್ದ.

ಎರಡನೇ ಬಾಳುವೆ ಪಂಡಿತರ ಕೋಣೆಯದು. ನರಕದಲ್ಲಿ ಎಲ್ಲರಿಗೂ ಒಂದೇ ಸಮ ಶಿಕ್ಷೆಯೋ, ಹೆಚ್ಚು ಕಡಿಮೆಯೋ ಎಂಬ ಚರ್ಚೆ ಬಂದಾಗ ದೈವಶಾಸ್ತ್ರಿಗಳು ಕೈಗೆತ್ತಿಕೊಳ್ಳುವುದೂ ಇದನ್ನೇ.

ಇದೊಂದೇ ಅಲ್ಲ. ಮತ್ತಾಯ 18ರಲ್ಲಿ ಸಾಲ ಮನ್ನಾ ಆದರೂ ಜೊತೆಯವನ ಕುತ್ತಿಗೆ ಹಿಡಿದ ಆಳನ್ನು ಚಿತ್ರಹಿಂಸೆ ಕೊಡುವವರ ಕೈಗೆ ಒಪ್ಪಿಸುತ್ತಾರೆ. ಮತ್ತಾಯ 24ರ ಆಳನ್ನು ಯಜಮಾನ ತುಂಡು ತುಂಡು ಮಾಡಿಸುತ್ತಾನೆ. 25ರಲ್ಲಿ ಯಜಮಾನ ಕೊಟ್ಟ ತಲಾಂತನ್ನು, ಅಂದರೆ ಹಣವನ್ನು, ಹೂತಿಟ್ಟ ಆಳನ್ನು ಹೊರಗಿನ ಕತ್ತಲೆಗೆ ದಬ್ಬುತ್ತಾರೆ. ಸಂಡೇ ಸ್ಕೂಲಿನಲ್ಲಿ ನಾವು ಇವನ್ನೆಲ್ಲ ‘ಸೇವಕನ ಸಾಮ್ಯ’ ಅಂತ ಕಲಿತೆವು. ಮೂಲದಲ್ಲಿ ಇವರೆಲ್ಲ ದೂಲೋಸ್, ಗುಲಾಮರು. ಸುವಾರ್ತೆಗಳ ದಂಡನೆಯ ಚಿತ್ರದಲ್ಲಿ ದೊಡ್ಡ ಪಾಲು ಗುಲಾಮರ ಮನೆಯಿಂದ ಎರವಲು ತಂದದ್ದು. ಕೇಳುತ್ತಿದ್ದ ಜನ ದಿನಬೆಳಗಾದರೆ ನೋಡುತ್ತಿದ್ದ ದೃಶ್ಯಗಳು ಅವು. ಹಾಗಾಗಿ ಯೇಸು ಅದನ್ನು ಬಳಸಿದ. ಆದರೆ ಆಲ್ಡ್‌ನ ಕೈಯ ಚಾಟಿ ಅನ್ಯಾಯ ಅಂತ ನಾವೆಲ್ಲ ಒಪ್ಪಿದ ಮೇಲೆ, ಅದೇ ಚಾಟಿಯನ್ನು ದೇವರ ಕೈಯಲ್ಲಿಟ್ಟು ನ್ಯಾಯ ಅಂತ ಹೇಗೆ ಹೇಳುವುದು? ನಿಮ್ಮ ಮಗನ ನಿಜವಾದ ಪ್ರಶ್ನೆ ಇದು ಅಂತ ನಾನು ತಿಳಿಯುತ್ತೇನೆ.

ಇನ್ನು ನರಕ ಎಂಬ ಪದ. ಕನ್ನಡ ಬೈಬಲಿಗೆ ಇದು ಸಿಕ್ಕಿದ್ದು ನಮ್ಮ ಪುರಾಣಗಳಿಂದ. ಆದರೆ ನಮ್ಮ ಪುರಾಣದ ನರಕ, ಜೈನರ ಏಳು ನರಕ, ಎಷ್ಟೇ ಘೋರವಾದರೂ ಒಂದು ದಿನ ಮುಗಿಯುವಂಥವು. ಕರ್ಮ ಸವೆದರೆ ಮತ್ತೆ ಹುಟ್ಟು. ಕೊನೆಯಿಲ್ಲದ ನರಕ ನಮ್ಮ ನೆಲಕ್ಕೆ ಪೂರ್ತಿ ಹೊಸದೇನೂ ಅಲ್ಲ ಬಿಡಿ. ಉಡುಪಿಯ ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಮುಕ್ತಿಗೆ ಎಂದೂ ಅರ್ಹರಲ್ಲದ ತಮೋಯೋಗ್ಯ ಜೀವರಿಗೆ ಅಂಧಂತಮಸ್ಸೇ, ಅಂದರೆ ಕಡುಗತ್ತಲೆಯ ಲೋಕವೇ, ಶಾಶ್ವತ ಗತಿ ಅಂದಿದ್ದರು. ಇದಕ್ಕಾಗಿಯೇ ಹಿಂದಿನ ಕೆಲವು ಯುರೋಪಿಯನ್ ವಿದ್ವಾಂಸರು ಮಧ್ವರ ಮೇಲೆ ಕ್ರೈಸ್ತ ಪ್ರಭಾವ ಇತ್ತೇನೋ ಅಂತ ಊಹಿಸಿದರು. ಅದಕ್ಕೆ ಆಧಾರ ಇಲ್ಲ.

ಬೈಬಲಿನಲ್ಲೇ ನೋಡಿದರೆ, ಹಳೆ ಒಡಂಬಡಿಕೆಯ ಹೆಚ್ಚಿನ ಭಾಗದಲ್ಲಿ ನರಕವೇ ಇಲ್ಲ. ಇರುವುದು ‘ಷಿಯೋಲ್’, ಕನ್ನಡದಲ್ಲಿ ಪಾತಾಳ. ಒಳ್ಳೆಯವರು ಕೆಟ್ಟವರು ಎಲ್ಲರೂ ಸೇರುವ ಮಬ್ಬುಗತ್ತಲೆಯ ಜಾಗ. ಅಲ್ಲಿ ಕೆಲಸವೂ ಇಲ್ಲ, ತಿಳಿವೂ ಇಲ್ಲ ಅನ್ನುತ್ತದೆ ಪ್ರಸಂಗಿ 9:10. ಯೇಸು ಹೇಳಿದ್ದು ‘ಗೆಹೆನ್ನ’. ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ ಅದು, ಈಗಲೂ ಹೋಗಿ ನೋಡಬಹುದು. ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಡುತ್ತಿದ್ದರು ಅಂತ ಪ್ರವಾದಿ ಯೆರೆಮೀಯ ಕಿಡಿಕಾರುತ್ತಾನೆ. ‘ಇಂಥದ್ದನ್ನು ನಾನು ಆಜ್ಞಾಪಿಸಲಿಲ್ಲ, ಅದು ನನ್ನ ಮನಸ್ಸಿಗೂ ಬರಲಿಲ್ಲ’ ಅಂತ ದೇವರು ಹೇಳುವ ಮಾತು ಅಲ್ಲಿದೆ. ಪ್ರಸಂಗಗಳಲ್ಲಿ ‘ಗೆಹೆನ್ನ ಅಂದರೆ ಊರ ಕಸ ಸುಡುವ ತಿಪ್ಪೆ’ ಅಂತ ಕೇಳಿರುತ್ತೀರಿ. ಆ ಮಾತು ಸಿಗುವುದು ಸುಮಾರು 1200ರ ಹೊತ್ತಿನ ಯೆಹೂದಿ ಪಂಡಿತ ದಾವೀದ್ ಕಿಮ್ಹಿಯ ಟೀಕೆಯಲ್ಲಿ. ಯೇಸುವಿನ ಕಾಲಕ್ಕೆ ಅಲ್ಲಿ ಸದಾ ಉರಿಯುವ ತಿಪ್ಪೆ ಇತ್ತು ಅನ್ನಲು ಪುರಾವೆ ಸಿಕ್ಕಿಲ್ಲ.

ಹೊಸ ಒಡಂಬಡಿಕೆ ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಮತ್ತಾಯ 25:46 ‘ನಿತ್ಯದಂಡನೆ’ ಅನ್ನುತ್ತದೆ. ಮತ್ತಾಯ 10:28 ಪ್ರಾಣ ದೇಹ ಎರಡನ್ನೂ ‘ನಾಶಮಾಡಬಲ್ಲವನಿಗೆ’ ಹೆದರಿ ಅನ್ನುತ್ತದೆ, ನಾಶವಾದ ಮೇಲೆ ನೋವೆಲ್ಲಿ? ಕೊಲೊಸ್ಸೆ 1:20ರಲ್ಲಿ ಭೂಮಿಯಲ್ಲಿರುವುದು, ಪರಲೋಕದಲ್ಲಿರುವುದು ಎಲ್ಲವನ್ನೂ ದೇವರು ತನ್ನೊಂದಿಗೆ ಸಮಾಧಾನಪಡಿಸುತ್ತಾನೆ. ಈ ಮೂರು ಎಳೆ ಹಿಡಿದು ಮೂರು ಬಗೆಯ ಕ್ರೈಸ್ತರು ಮೊದಲಿನಿಂದಲೂ ಇದ್ದಾರೆ. ಎಲ್ಲರಿಗೂ ಸಮ ತೂಕ ಇತ್ತು ಅಂದರೆ ಸುಳ್ಳಾಗುತ್ತದೆ. ಕೊನೆಯಿಲ್ಲದ ಯಾತನೆ ಅನ್ನುವವರದೇ ಬಹುಕಾಲ ಮೇಲುಗೈ.

ಇಲ್ಲಿ ಇಬ್ಬರನ್ನು ಎದುರುಬದುರು ಕೂರಿಸಬೇಕು. ಕಪ್ಪದೋಕ್ಯದ, ಅಂದರೆ ಇಂದಿನ ಟರ್ಕಿಯ, ನಿಸ್ಸದ ಗ್ರೆಗೊರಿ 4ನೇ ಶತಮಾನದ ಬಿಷಪ್. ‘ದಾಸದಾಸಿಯರನ್ನು ಕೊಂಡುಕೊಂಡೆ’ ಎಂಬ ಪ್ರಸಂಗಿಯ ಮಾತು ಹಿಡಿದು ಪ್ರಸಂಗ ಮಾಡಿದವನು ನೇರವಾಗಿ ಕೇಳಿದ: ದೇವರ ಹೋಲಿಕೆಯಲ್ಲಿ ಆದ ಮನುಷ್ಯನಿಗೆ ಎಷ್ಟು ಕಾಸು ಕೊಟ್ಟೆ? ಯಾರಿಂದ ಕೊಂಡೆ? ಹಳೆಯ ಕಾಲದಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದೇ ತಪ್ಪು ಅಂತ ಇಷ್ಟು ಖಡಾಖಂಡಿತವಾಗಿ ಹೇಳಿದ ಇನ್ನೊಂದು ದನಿ ಸಿಗುವುದು ಕಷ್ಟ. ಅವನ ಅಕ್ಕ ಮಕ್ರೀನ ಮನೆಯ ದಾಸಿಯರನ್ನು ತನ್ನ ಸಮಕ್ಕೆ ಕೂರಿಸಿಕೊಂಡು, ಅವರದೇ ಊಟ ಉಂಡು ಬಾಳಿದವಳು. ನರಕದ ಬೆಂಕಿ ಚಿನ್ನ ಪುಟವಿಡುವ ಬೆಂಕಿ, ಕೊನೆಗೆ ಎಲ್ಲರೂ ದೇವರ ಕಡೆಗೆ ತಿರುಗುತ್ತಾರೆ ಅಂತ ಬರೆದವನೂ ಇದೇ ಗ್ರೆಗೊರಿ. ಈ ಕಡೆ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. ಗುಲಾಮಗಿರಿ ಪಾಪಕ್ಕೆ ಬಂದ ಶಿಕ್ಷೆ, ಸಹಿಸಬೇಕು ಅಂದ. ನರಕಕ್ಕೆ ಕೊನೆಯಿಲ್ಲ ಅಂತಲೂ ಸಾಧಿಸಿದ. ಅವನ ಒಂದು ವಾದ ಗಟ್ಟಿಯಾದದ್ದು: ಮತ್ತಾಯ 25:46ರಲ್ಲಿ ಜೀವಕ್ಕೂ ದಂಡನೆಗೂ ‘ನಿತ್ಯ’ ಎಂಬ ಒಂದೇ ಪದ ಇದೆ, ಒಂದಕ್ಕೆ ಕೊನೆ ಹಾಕಿದರೆ ಇನ್ನೊಂದಕ್ಕೂ ಹಾಕಬೇಕು. ಇದಕ್ಕೆ ಉತ್ತರಗಳಿವೆ, ಆದರೆ ಯಾವುದೂ ಸುಲಭದ್ದಲ್ಲ.

ಅಮೆರಿಕದಲ್ಲಿ ಗುಲಾಮಗಿರಿ, ನರಕ ಎಂಬ ಇದೇ ಜೋಡಿ ಒಬ್ಬನೇ ಮನುಷ್ಯನಲ್ಲಿ ಕಾಣುತ್ತದೆ. ಜೊನಾಥನ್ ಎಡ್ವರ್ಡ್ಸ್ ಎಂಬ ಪಾದ್ರಿ 1741ರಲ್ಲಿ ಎನ್‌ಫೀಲ್ಡ್ ಎಂಬ ಊರಲ್ಲಿ ಮಾಡಿದ ನರಕದ ಪ್ರಸಂಗ ಇಂದಿಗೂ ಪ್ರಸಿದ್ಧ. ಜೇಡವನ್ನು ಬೆಂಕಿಯ ಮೇಲೆ ಹಿಡಿದ ಹಾಗೆ ದೇವರು ನಿಮ್ಮನ್ನು ಹಿಡಿದಿದ್ದಾನೆ ಅಂದ; ಕೇಳುತ್ತಿದ್ದವರು ಕಿರುಚಿಕೊಂಡರು. ಅದಕ್ಕೆ ಹತ್ತು ವರ್ಷ ಮೊದಲು ಅವನು ನ್ಯೂಪೋರ್ಟ್ ಬಂದರಿಗೆ ಹೋಗಿ ವೀನಸ್ ಎಂಬ ಹದಿನಾಲ್ಕರ ಹುಡುಗಿಯನ್ನು 80 ಪೌಂಡಿಗೆ ಕೊಂಡಿದ್ದ. ರಸೀದಿ ಇನ್ನೂ ಉಳಿದಿದೆ. ಅದೇ ಹೆಸರಿನ ಮಗ 1791ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪ್ರಸಂಗ ಮಾಡಿ ಅಚ್ಚು ಹಾಕಿಸಿದ.

ನಿತ್ಯ ನರಕ ನಂಬುವವರೆಲ್ಲ ಗುಲಾಮಗಿರಿಯ ಪರ ಅಂತ ಸೂತ್ರ ಮಾಡಿಕೊಳ್ಳಬೇಡಿ. ಆ ಮಗನಿಗೂ ನಿತ್ಯ ನರಕದಲ್ಲಿ ನಂಬಿಕೆ ಇತ್ತು. ಬ್ರಿಟನ್ನಿನಲ್ಲಿ ಗುಲಾಮರ ಪರ ಹೋರಾಡಿದ ಎಷ್ಟೋ ಜನ ಗುಲಾಮರ ಒಡೆಯರಿಗೆ ತೋರಿಸಿದ ಬೆದರಿಕೆಯೇ ನರಕ. ಚಾಟಿ ತಿಂದವನಿಗೆ ‘ಹೊಡೆದವನಿಗೂ ಒಂದು ದಿನ ಲೆಕ್ಕ ಇದೆ’ ಎಂಬ ಮಾತು ಬೇಕಾಗುತ್ತದೆ. ಅದನ್ನು ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ. ಲೆಕ್ಕ ಬೇರೆ, ಎಂದೂ ತೀರದ ಲೆಕ್ಕ ಬೇರೆ.

‘ತಾವಾಗೇ ಆರಿಸಿಕೊಂಡು ಹೋಗ್ತಾರೆ’ ಎಂಬ ನಿಮ್ಮವರ ಮಾತು ಇಪ್ಪತ್ತನೇ ಶತಮಾನದಲ್ಲಿ ಬಹಳ ಓಡಿತು. ನರಕದ ಬಾಗಿಲಿಗೆ ಒಳಗಿನಿಂದ ಬೀಗ ಅಂತ ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ 1940ರಲ್ಲಿ ಬರೆದ. ಮನುಷ್ಯ ತನ್ನ ಹಟದಿಂದಲೇ ತನ್ನನ್ನು ಕೂಡಿಹಾಕಿಕೊಳ್ಳುತ್ತಾನೆ ಎಂಬುದನ್ನು ನಾವೂ ಮನೆಗಳಲ್ಲಿ ಕಂಡಿದ್ದೇವೆ. ಆದರೆ ಸುವಾರ್ತೆಯ ಚಿತ್ರಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಬಾಗಿಲಿಗೆ ಬೀಗ ಹೊರಗಿನಿಂದಲೇ. ಮತ್ತಾಯ 25ರ ಕನ್ಯೆಯರು ಬಾಗಿಲು ತೆಗೆಯಿರಿ ಅಂತ ಬೇಡುತ್ತಾರೆ, ತೆಗೆಯುವುದಿಲ್ಲ. ಲೂಕ 16ರ ಐಶ್ವರ್ಯವಂತ ನಾಲಿಗೆಗೆ ಒಂದು ಹನಿ ನೀರು ಕೇಳುತ್ತಾನೆ, ಸಿಗುವುದಿಲ್ಲ. ಲೂಯಿಸನ ನರಕ ನೈತಿಕವಾಗಿ ವಾಸಿ ಅಂತ ನಿಮ್ಮವರಿಗೆ ಅನ್ನಿಸಿದ್ದರೆ, ಅವರೂ ಥರ್ಮನ್‌ನ ಅಜ್ಜಿಯ ಹಾಗೆ ಆರಿಸಿ ಓದಿದ್ದಾರೆ ಅಂತಾಯಿತು. ತಪ್ಪೇನಿಲ್ಲ. ಮಗನಿಗೆ ಬೈಯುವ ಮುಂಚೆ ಅದನ್ನು ಒಪ್ಪಿಕೊಂಡರೆ ಸಾಕು.

ಈ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿತ್ತು. ನಿತ್ಯ ನರಕವನ್ನು ಅನುಮಾನಿಸಿದ್ದಕ್ಕೆ ಧರ್ಮಶಾಸ್ತ್ರದ ಪ್ರಾಧ್ಯಾಪಕ ಎಫ್.ಡಿ. ಮಾರಿಸ್ 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೆಲಸ ಕಳೆದುಕೊಂಡ. 1864ರಲ್ಲಿ ಇಂಥದೇ ವಿಷಯದ ಒಂದು ಮೊಕದ್ದಮೆ ಪ್ರಿವಿ ಕೌನ್ಸಿಲಿಗೆ, ಅಂದರೆ ಬ್ರಿಟನ್ನಿನ ಮೇಲ್ಮನವಿಯ ಕೋರ್ಟಿಗೆ, ಹೋಯಿತು. ಪಾದ್ರಿಯೊಬ್ಬ ನಿತ್ಯ ನರಕವನ್ನು ನಂಬಲೇಬೇಕು ಅಂತ ಇಂಗ್ಲೆಂಡಿನ ಚರ್ಚಿನ ಕಾನೂನಿನಲ್ಲಿಲ್ಲ ಅಂತ ತೀರ್ಪು ಬಂತು. ತೀರ್ಪು ಕೊಟ್ಟ ಲಾರ್ಡ್ ವೆಸ್ಟ್‌ಬರಿ ‘ನರಕವನ್ನು ಖರ್ಚುವೆಚ್ಚ ಸಮೇತ ವಜಾ ಮಾಡಿದ’ ಅಂತ ವಕೀಲರು ತಮಾಷೆ ಮಾಡಿಕೊಂಡರು.

ಈಗ ನಿಮ್ಮ ಅಮ್ಮನ ಮಾತು. ನಿಮ್ಮ ಮಗನ ಈ ಪ್ರಶ್ನೆ ಹಳೆಯದು. ಗೋವಾದಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಝೇವಿಯರ್ ಜಪಾನಿನಿಂದ ವಾಪಸ್ಸಾಗಿ 1552ರ ಜನವರಿಯಲ್ಲಿ ಕೊಚ್ಚಿಯಲ್ಲಿ ಕೂತು ಯುರೋಪಿಗೆ ಒಂದು ಪತ್ರ ಬರೆದ. ಜಪಾನಿನಲ್ಲಿ ಹೊಸದಾಗಿ ಕ್ರೈಸ್ತರಾದವರು ಅವನನ್ನು ಕೇಳಿದ್ದರು: ನಮ್ಮ ಅಪ್ಪ ಅಮ್ಮ, ಹೆಂಡತಿ ಮಕ್ಕಳು ಇದನ್ನೆಲ್ಲ ಕೇಳದೇ ಸತ್ತರಲ್ಲ, ಅವರನ್ನು ದೇವರು ಅಲ್ಲಿಂದ ಬಿಡಿಸಲಾರನಾ? ಇಲ್ಲ, ಅದಕ್ಕೆ ಉಪಾಯವಿಲ್ಲ ಅಂದ ಝೇವಿಯರ್. ಅವರು ಅತ್ತರು. ಅತ್ತದ್ದನ್ನು ನೋಡಿ ತನಗೂ ದುಃಖವಾಗುತ್ತದೆ ಅಂತ ಪತ್ರದಲ್ಲಿ ಬರೆದ. ಆದರೆ ಉತ್ತರ ಬದಲಿಸಲಿಲ್ಲ.

ಅವನದೇ ಕ್ಯಾಥೊಲಿಕ್ ಸಭೆ ಆಮೇಲೆ ಬದಲಿಸಿತು. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿದ್ದು: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು, ಶುದ್ಧ ಮನಸ್ಸಿನಿಂದ ದೇವರನ್ನು ಹುಡುಕಿ, ಅಂತಃಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಿಗಬಹುದು. ನಿಮ್ಮ ಅಮ್ಮನಿಗೆ ಇದು ಸಲೀಸಾಗಿ ಹೊಂದುತ್ತದಾ ಅಂದರೆ, ಅಷ್ಟಿಲ್ಲ. ಮಗಳೇ ಕ್ರೈಸ್ತಳಾಗಿದ್ದಳು, ಅವರು ಕೇಳಿರಲಿಲ್ಲ ಅನ್ನುವಂತಿಲ್ಲ. ಪ್ರೊಟೆಸ್ಟಂಟರಲ್ಲಿ ಎಲ್ಲರಿಗೂ ಕಟ್ಟುಬೀಳುವ ಒಂದು ಉತ್ತರವೂ ಇಲ್ಲ. ಇಂಗ್ಲೆಂಡಿನ ಜಾನ್ ಸ್ಟಾಟ್‌ನಂಥ ಕಟ್ಟಾ ಸುವಾರ್ತಿಕನೇ 1988ರಲ್ಲಿ ಕೊನೆಯಿಲ್ಲದ ಯಾತನೆಯನ್ನು ಮನಸ್ಸು ತಾಳಲಾರದು ಅಂದು, ನಾಶದ ಕಡೆಗೆ ವಾಲಿದ. ನಿಸ್ಸದ ಗ್ರೆಗೊರಿಯನ್ನು ಸಭೆ ಇಂದಿಗೂ ಸಂತ ಅಂತಲೇ ಕರೆಯುತ್ತದೆ. ಹಾಗಾಗಿ ‘ಅಜ್ಜಿ ನರಕದಲ್ಲಿದ್ದಾರೆ’ ಅನ್ನದೆಯೂ ನೀವು ಕ್ರೈಸ್ತರಾಗಿರಬಹುದು, ಅದಕ್ಕೆ ಒಂದೂವರೆ ಸಾವಿರ ವರ್ಷಕ್ಕೂ ಹಳೆಯ ಜೊತೆಗಾರರಿದ್ದಾರೆ. ಇಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ.

ಮುಂದಿನ ಭಾನುವಾರ ಊಟಕ್ಕೆ ಕೂತಾಗ ಫಿಲೆಮೋನನ ಪತ್ರ ತೆಗೆಯಿರಿ. ಸಾರು ಆರುವ ಮುಂಚೆ ಮುಗಿಯುತ್ತದೆ. ಮಗನ ಕೈಲೇ ಓದಿಸಿ. ಪೌಲನ ಮೇಲೆ ಅವನು ಸಿಟ್ಟಾದರೆ ಆಗಲಿ, ನಿಮ್ಮವರಿಗೆ ಮಧ್ಯೆ ಬಾಯಿ ಹಾಕಬೇಡಿ ಅಂತ ಮೊದಲೇ ಹೇಳಿಟ್ಟಿರಿ.